ಟೆಸ್ಟ್ ಪೇಜ್ ಬರುತ್ತದೆ, ಬಿಲ್ ಮಾತ್ರ ಬರುವುದಿಲ್ಲ

ಪ್ರಶ್ನೆ: ಮಂಗಳೂರು ಬಂದರಿನಲ್ಲಿ ನಮ್ಮದು ಜೀನಸಿನ ಹೋಲ್‌ಸೇಲ್ ಅಂಗಡಿ. ಬಿಲ್ಲಿಗೆ ಹಳೆಯ ಡಾಸ್ ಫಾಕ್ಸ್‌ಪ್ರೊ ಪ್ರೋಗ್ರಾಂ ಉಂಟು, 80 ಕಾಲಮ್ಮಿನ 9 ಪಿನ್ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಉಂಟು. ಮೂರು ಪ್ರತಿಯ 10×6 ಇಂಚಿನ ಕಂಟಿನ್ಯುವಸ್ ಬಿಲ್. ವಿಂಡೋಸ್ 98ರ ಕಂಪ್ಯೂಟರ್ ಹಾಳಾದ್ದರಿಂದ 32 ಬಿಟ್ ವಿಂಡೋಸ್ 10 ಇರುವ ಸೆಕೆಂಡ್‌ಹ್ಯಾಂಡ್ ಕಂಪ್ಯೂಟರ್ ತಂದೆವು. ಅದರ ಹಿಂದೆ ಹಳೆಯ ಪ್ರಿಂಟರ್ ಕೇಬಲ್ ಹಾಕುವ ಪ್ಯಾರಲಲ್ ಪೋರ್ಟ್ ಇಲ್ಲ, ಯುಎಸ್‌ಬಿಯಿಂದ ಪ್ಯಾರಲಲ್‌ಗೆ ಹೋಗುವ ಕೇಬಲ್ ಹಾಕಿದ್ದೇವೆ. ವಿಂಡೋಸಿನ ಟೆಸ್ಟ್ ಪೇಜ್ ಸರಿಯಾಗಿ ಬರುತ್ತದೆ, ಬಿಲ್ ಬರುವುದಿಲ್ಲ. ರಿಪೇರಿಯವರು ಬಂದು ಕಪ್ಪು ವಿಂಡೋದಲ್ಲಿ ‘ನೆಟ್ ಯೂಸ್’ ಎಂದೇನೋ ಹೊಡೆದರು. ಅಲ್ಲಿಂದಲೇ ಪ್ರೋಗ್ರಾಂ ತೆರೆದಾಗ ಬಿಲ್ ಬಂತು, ಮರುದಿನ ಇಲ್ಲ. ಬಂದ ಬಿಲ್ಲಿನಲ್ಲೂ ಸಾಲಿನ ಕೊನೆಯ ಮೊತ್ತ ಕೆಳಗಿನ ಸಾಲಿಗೆ ಇಳಿಯುತ್ತಿತ್ತು. ಒಂದು ಬಿಲ್ಲಿಗೆ ಎರಡು ಫಾರ್ಮ್ ಹೋಗಿ, ಮುಂದಿನದು ಹರಿಯುವ ಗೆರೆಗಿಂತ ಒಂದು ಇಂಚು ಮೊದಲೇ ಶುರುವಾಗುತ್ತಿತ್ತು. ಹಳೆಯ ಆಟೋಎಕ್ಸೆಕ್.ಬ್ಯಾಟ್‌ನಲ್ಲಿ ‘ಮೋಡ್ ಎಲ್‌ಪಿಟಿ1:132,8’ ಎಂದೂ ‘ಕಾಪಿ ಹಾಫ್.ಪಿಆರ್‌ಎನ್ ಪಿಆರ್‌ಎನ್’ ಎಂದೂ ಎರಡು ಸಾಲು ಇದ್ದವು. ಮೊದಲನೆಯದನ್ನು ಹೊಸದರಲ್ಲೂ ಬರೆದಿದ್ದೇವೆ, ಏನೂ ಆಗಲಿಲ್ಲ. ಪ್ರಿಂಟರ್ ಹಳತಾಯಿತು, ಬದಲಾಯಿಸಿ ಎನ್ನುತ್ತಾರೆ. ಬದಲಾಯಿಸಲೇಬೇಕೇ?

ಉತ್ತರ: ಬೇಡ. ಟೆಸ್ಟ್ ಪೇಜ್ ಬರುತ್ತಿದೆ ಎಂದ ಮೇಲೆ ಪ್ರಿಂಟರ್, ಹೆಡ್, ರಿಬ್ಬನ್, ಕೇಬಲ್ ಎಲ್ಲ ಸರಿ ಇವೆ. ಮೂರು ಪ್ರತಿ ಒಮ್ಮೆಗೇ ಒತ್ತಬೇಕಾದ ಅಂಗಡಿಗೆ ಡಾಟ್ ಮ್ಯಾಟ್ರಿಕ್ಸ್ ಬಿಟ್ಟರೆ ಬೇರೆ ದಾರಿಯೂ ಇಲ್ಲ. ಇಂಕ್‌ಜೆಟ್ಟಿಗೂ ಲೇಸರಿಗೂ ಕಾರ್ಬನ್ ಪ್ರತಿಯ ಮೇಲೆ ಗುದ್ದುವ ಪಿನ್ ಇಲ್ಲ.

ನೀವು ಒಂದೇ ಎಂದುಕೊಂಡ ತೊಂದರೆಯಲ್ಲಿ ನಿಜಕ್ಕೆ ಮೂರು ತೊಂದರೆಗಳಿವೆ, ಮೂರೂ ಬೇರೆ ಬೇರೆ ಜಾಗದಲ್ಲಿವೆ. ಒಂದು ತಂತಿ ಮತ್ತು ಪೋರ್ಟಿನದು. ಇನ್ನೊಂದು ‘ಎಲ್‌ಪಿಟಿ1’ ಎಂಬ ಹೆಸರಿನದು, ಅಂದರೆ ಡಾಸ್ ಪ್ರೋಗ್ರಾಂ ಮೊದಲನೆಯ ಪ್ಯಾರಲಲ್ ಪೋರ್ಟನ್ನು ಕರೆಯುವ ಹೆಸರು. ಮೂರನೆಯದು ಪ್ರಿಂಟರಿನ ತಲೆಯೊಳಗಿನ ನೆನಪಿನದು, ಅಂದರೆ ಅಕ್ಷರ ಎಷ್ಟು ಸಣ್ಣ, ಪುಟ ಎಷ್ಟು ಉದ್ದ ಎಂಬುದು. ‘ನೆಟ್ ಯೂಸ್’ ಎರಡನೆಯದನ್ನು ಮಾತ್ರ ಮುಟ್ಟುತ್ತದೆ. ನಿಮ್ಮ ಹಳೆಯ ‘ಮೋಡ್’ ಸಾಲು ಮೂರನೆಯದನ್ನು ಮಾತ್ರ ಮುಟ್ಟುತ್ತಿತ್ತು. ಒಂದರ ಮದ್ದನ್ನು ಇನ್ನೊಂದಕ್ಕೆ ಹಚ್ಚಿದ್ದರಿಂದಲೇ ಈ ಗೋಜಲು.

ಮೊದಲೇ ಒಂದು ಮಾತು: ಕಮಾಂಡ್‌ಗಳನ್ನು ಇಲ್ಲಿ ಓದುವ ಹಾಗೆ ಕನ್ನಡದಲ್ಲಿ ಬರೆದಿದ್ದೇನೆ. ಹೊಡೆಯುವಾಗ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಿರಿ. ಗೆರೆ, ಚುಕ್ಕೆ, ಖಾಲಿ ಜಾಗ ಇದ್ದಲ್ಲಿಯೇ ಇರಲಿ.

ಯುಎಸ್‌ಬಿ ಕೇಬಲ್ ಹಾಕಿದರೆ ಎಲ್‌ಪಿಟಿ1 ಬರುತ್ತದೆ ಎಂಬುದು ತುಂಬಾ ಜನರ ನಂಬಿಕೆ. ಬರುವುದಿಲ್ಲ. ಆ ಕೇಬಲ್ಲಿನ ಒಂದು ತುದಿಯಲ್ಲಿ 36 ಪಿನ್ನಿನ ಸೆಂಟ್ರಾನಿಕ್ಸ್ ಕನೆಕ್ಟರ್ ಇದ್ದರೂ ವಿಂಡೋಸಿನ ಕಣ್ಣಿಗೆ ಅದು ಒಂದು ಯುಎಸ್‌ಬಿ ಪ್ರಿಂಟರ್ ಅಷ್ಟೆ. ಅದಕ್ಕೆ ಸಿಗುವ ಪೋರ್ಟಿನ ಹೆಸರು ಯುಎಸ್‌ಬಿ001. ವಿಂಡೋಸ್ ತನ್ನ ಟೆಸ್ಟ್ ಪೇಜನ್ನು ಯುಎಸ್‌ಬಿ001ಕ್ಕೆ ಕಳಿಸುತ್ತದೆ, ಬರುತ್ತದೆ. ಫಾಕ್ಸ್‌ಪ್ರೊ ಎಲ್‌ಪಿಟಿ1 ಎಂದು ಕೂಗುತ್ತದೆ, ಆ ಹೆಸರಿನವರು ಮನೆಯಲ್ಲಿ ಇಲ್ಲ.

ಕಮಾಂಡ್ ಪ್ರಾಂಪ್ಟ್ (ನೀವು ಹೇಳಿದ ಕಪ್ಪು ವಿಂಡೋ) ತೆರೆದು ಇದನ್ನು ಹೊಡೆದು ನೋಡಿ:

ಎಕೋ ಪರೀಕ್ಷೆ > ಎಲ್‌ಪಿಟಿ1

‘ಪರೀಕ್ಷೆ’ ಎಂಬಲ್ಲಿ ಯಾವುದಾದರೂ ಇಂಗ್ಲಿಷ್ ಪದ ಹಾಕಿ. ಫೈಲ್ ಸಿಗಲಿಲ್ಲ ಎಂಬ ತಪ್ಪು ಬಂದರೆ ಆ ಹೆಸರೇ ಇಲ್ಲ ಎಂದರ್ಥ. ತಪ್ಪಿಲ್ಲದೆ ಪ್ರಾಂಪ್ಟ್ ಮರಳಿ, ಕಾಗದದ ಮೇಲೆ ಅಕ್ಷರ ಬಿದ್ದರೆ ಹೆಸರು ಸರಿ ಇದೆ. ಫಾಕ್ಸ್‌ಪ್ರೊ ತೆರೆಯುವ ಮೊದಲು ಈ ಒಂದು ಸಾಲು ಹಾದುಹೋಗಬೇಕು. ಹೋಗದಿದ್ದರೆ ಪ್ರೋಗ್ರಾಮಿನೊಳಗೆ ಏನು ಹುಡುಕಿದರೂ ಪ್ರಯೋಜನವಿಲ್ಲ.

ಈಗ ಆ ಹೆಸರನ್ನು ಹುಟ್ಟಿಸಬೇಕು. ಪ್ರಿಂಟರನ್ನು ಶೇರ್ ಮಾಡಿ (ಅಂದರೆ ನೆಟ್‌ವರ್ಕಿನಲ್ಲಿ ಒಂದು ಹೆಸರಿನಿಂದ ಸಿಗುವಂತೆ ಮಾಡಿ), ಆ ಶೇರಿಗೆ ಎಲ್‌ಪಿಟಿ1 ಎಂಬ ಹೆಸರನ್ನು ಕಟ್ಟುವುದು ದಾರಿ. ಡ್ರೈವರಿಗೆ ಕಂಪೆನಿಯ ಸಿಡಿ ಹುಡುಕಬೇಡಿ. ವಿಂಡೋಸಿನಲ್ಲೇ ಇರುವ ‘ಜೆನೆರಿಕ್ / ಟೆಕ್ಸ್ಟ್ ಓನ್ಲಿ’ ಸಾಕು, ಏಕೆಂದರೆ ಡಾಸ್ ಪ್ರೋಗ್ರಾಂ ಕಳಿಸುವುದು ಪ್ರಿಂಟರಿಗೆ ನೇರವಾಗಿ ಅರ್ಥವಾಗುವ ಅಕ್ಷರ ಮತ್ತು ಸಂಕೇತಗಳನ್ನು. ನಡುವೆ ದುಭಾಷಿ ಬೇಡ. ಪವರ್‌ಶೆಲ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಈ ಎರಡು ಸಾಲು ಹೊಡೆಯಿರಿ:

ಆ್ಯಡ್-ಪ್ರಿಂಟರ್‌ಡ್ರೈವರ್ -ನೇಮ್ "ಜೆನೆರಿಕ್ / ಟೆಕ್ಸ್ಟ್ ಓನ್ಲಿ"

ಆ್ಯಡ್-ಪ್ರಿಂಟರ್ -ನೇಮ್ ಬಿಲ್ -ಡ್ರೈವರ್‌ನೇಮ್ "ಜೆನೆರಿಕ್ / ಟೆಕ್ಸ್ಟ್ ಓನ್ಲಿ" -ಪೋರ್ಟ್‌ನೇಮ್ ಯುಎಸ್‌ಬಿ001 -ಶೇರ್ಡ್ -ಶೇರ್‌ನೇಮ್ ಬಿಲ್

ಪೋರ್ಟ್ 001 ಹೌದೇ ಎಂದು ‘ಗೆಟ್-ಪ್ರಿಂಟರ್’ ಹೊಡೆದು ಮೊದಲೇ ಖಾತ್ರಿ ಮಾಡಿಕೊಳ್ಳಿ. ಶೇರಿನ ಹೆಸರು ಚಿಕ್ಕದಿರಲಿ, ನಡುವೆ ಖಾಲಿ ಜಾಗ ಬೇಡ.

ಇಲ್ಲಿಂದ ಮುಂದೆ ಅಡ್ಮಿನಿಸ್ಟ್ರೇಟರ್ ವಿಂಡೋ ಮುಚ್ಚಿಬಿಡಿ. ನಿಮ್ಮ ‘ಒಂದು ದಿನ ಬಂತು, ಮರುದಿನ ಇಲ್ಲ’ ಎಂಬ ಒಗಟಿನ ಉತ್ತರ ಇರುವುದು ಇಲ್ಲೇ. ‘ನೆಟ್ ಯೂಸ್’ ಕಟ್ಟುವ ಹೆಸರು ಇಡೀ ಕಂಪ್ಯೂಟರಿಗೆ ಸೇರಿದ್ದಲ್ಲ, ಅದನ್ನು ಹೊಡೆದ ಲಾಗಿನ್ ಅಧಿವೇಶನಕ್ಕೆ (ಸೆಷನ್) ಮಾತ್ರ ಸೇರಿದ್ದು. ಒಂದೇ ಯೂಸರ್ ಆದರೂ, ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಎಂದು ತೆರೆದ ವಿಂಡೋ ಮತ್ತು ಡೆಸ್ಕ್‌ಟಾಪಿನ ಐಕಾನ್ ಬೇರೆ ಬೇರೆ ಅಧಿವೇಶನದಲ್ಲಿರುತ್ತವೆ. ರಿಪೇರಿಯವರು ಅಡ್ಮಿನಿಸ್ಟ್ರೇಟರ್ ವಿಂಡೋದಲ್ಲಿ ಹೆಸರು ಕಟ್ಟಿ, ಅದೇ ವಿಂಡೋದಿಂದ ಪ್ರೋಗ್ರಾಂ ಓಡಿಸಿರಬೇಕು. ಹಾಗಾಗಿ ಬಿಲ್ ಬಂತು. ಮರುದಿನ ನೀವು ಐಕಾನಿನಿಂದ ತೆರೆದಿರಿ. ಅವರ ಕಮಾಂಡ್ ಸರಿಯೇ ಇತ್ತು, ಹೊಡೆದ ಜಾಗ ತಪ್ಪಿತ್ತು.

ಸಾಮಾನ್ಯ ಕಮಾಂಡ್ ಪ್ರಾಂಪ್ಟಿನಲ್ಲಿ ಹೀಗೆ ಮಾಡಿ:

ನೆಟ್ ಯೂಸ್ ಎಲ್‌ಪಿಟಿ1: /ಡಿಲೀಟ್

ನೆಟ್ ಯೂಸ್ ಎಲ್‌ಪಿಟಿ1: \\127.0.0.1\ಬಿಲ್ /ಪರ್ಸಿಸ್ಟೆಂಟ್:ಯೆಸ್

ಮೊದಲ ಸಾಲಿಗೆ ‘ಅಂಥ ಸಂಪರ್ಕ ಇಲ್ಲ’ ಎಂಬ ಉತ್ತರ ಬಂದರೆ ಚಿಂತೆ ಬೇಡ. 127.0.0.1 ಎಂದರೆ ‘ಇದೇ ಕಂಪ್ಯೂಟರ್’. ಕಂಪ್ಯೂಟರಿನ ಹೆಸರನ್ನೇ ಹಾಕಿದರೂ ನಡೆಯುತ್ತದೆ, ಆದರೆ ನಾಳೆ ಯಾರಾದರೂ ಹೆಸರು ಬದಲಾಯಿಸಿದರೆ ಬಿಲ್ ನಿಲ್ಲುತ್ತದೆ. ಬರೀ ‘ನೆಟ್ ಯೂಸ್’ ಎಂದು ಹೊಡೆದರೆ ಈಗ ಯಾವ ಹೆಸರು ಎಲ್ಲಿಗೆ ಕಟ್ಟಿದೆ ಎಂಬ ಪಟ್ಟಿ ಕಾಣುತ್ತದೆ.

ತಪ್ಪಿನ ಸಂಖ್ಯೆ ಬಂದರೆ ಅದನ್ನೇ ಓದಿ, ಅದು ಸುಳ್ಳು ಹೇಳುವುದಿಲ್ಲ. 85 ಎಂದರೆ ಎಲ್‌ಪಿಟಿ1 ಹೆಸರು ಆಗಲೇ ಬೇರೆಲ್ಲಿಗೋ ಕಟ್ಟಿದೆ, ಮೊದಲು ಅಳಿಸಿ. 67 ಎಂದರೆ ಶೇರಿನ ಹೆಸರು ತಪ್ಪು ಅಥವಾ ಶೇರಿಂಗ್ ಆಫ್ ಆಗಿದೆ. 53 ಎಂದರೆ ಆ ಕಂಪ್ಯೂಟರಿನ ದಾರಿಯೇ ಸಿಗುತ್ತಿಲ್ಲ. ‘ಸರ್ವರ್’ ಸೇವೆ ಓಡುತ್ತಿದೆಯೇ, ಫೈಲ್ ಮತ್ತು ಪ್ರಿಂಟರ್ ಶೇರಿಂಗ್ ಆನ್ ಇದೆಯೇ ನೋಡಿ. 66 ಬಂದರೆ ನೀವು ಕಟ್ಟಲು ಹೋದದ್ದು ಪ್ರಿಂಟರಿಗಲ್ಲ, ಅದೇ ಹೆಸರಿನ ಫೋಲ್ಡರಿಗೆ.

ಯುಎಸ್‌ಬಿ ಕೇಬಲ್ಲಿನ ಇನ್ನೊಂದು ಚಾಳಿ ಉಂಟು. ಗುಡಿಸುವಾಗ ಎಳೆದು, ಮತ್ತೆ ಪಕ್ಕದ ಯುಎಸ್‌ಬಿ ಕಿಂಡಿಗೆ ಹಾಕಿದಿರೋ, ವಿಂಡೋಸ್ ಅದನ್ನು ಹೊಸ ಪ್ರಿಂಟರ್ ಎಂದುಕೊಂಡು ‘ಕಾಪಿ 1’ ಎಂಬ ಇನ್ನೊಂದನ್ನು ಯುಎಸ್‌ಬಿ002ರಲ್ಲಿ ಹುಟ್ಟಿಸುತ್ತದೆ. ನಿಮ್ಮ ಶೇರ್ ಮಾತ್ರ 001ನ್ನೇ ಕಾಯುತ್ತಾ ಕೂತಿರುತ್ತದೆ. ಬಿಲ್ಲುಗಳು ಕ್ಯೂನಲ್ಲಿ ರಾಶಿ ಬೀಳುತ್ತವೆ. ಯಾವ ಕಿಂಡಿ ಎಂದು ಪೆನ್ನಿನಲ್ಲಿ ಗುರುತು ಮಾಡಿ ಅದಕ್ಕೇ ಹಾಕಿ. ರಾಶಿ ಬಿದ್ದದ್ದನ್ನು ತೆಗೆಯಲು ಅಡ್ಮಿನಿಸ್ಟ್ರೇಟರ್ ಪ್ರಾಂಪ್ಟಿನಲ್ಲಿ ‘ನೆಟ್ ಸ್ಟಾಪ್ ಸ್ಪೂಲರ್’ ಹೊಡೆದು, ವಿಂಡೋಸ್ ಫೋಲ್ಡರಿನ ಸಿಸ್ಟಮ್32ರಲ್ಲಿ ಸ್ಪೂಲ್, ಅದರೊಳಗೆ ಪ್ರಿಂಟರ್ಸ್ ಎಂಬ ಫೋಲ್ಡರ್ ಖಾಲಿ ಮಾಡಿ, ‘ನೆಟ್ ಸ್ಟಾರ್ಟ್ ಸ್ಪೂಲರ್’ ಹೊಡೆಯಿರಿ.

ಹೆಸರು ಸರಿಯಾದ ಮೇಲೆ ಇನ್ನೊಂದು ದೂರು ಬರುವುದು ಬಹುತೇಕ ಖಚಿತ: ಬಿಲ್ ಹೊಡೆದ ಕೂಡಲೇ ಬರುವುದಿಲ್ಲ, ಸ್ವಲ್ಪ ಹೊತ್ತು ಬಿಟ್ಟು ಬರುತ್ತದೆ. ಡಾಸ್ ಪ್ರೋಗ್ರಾಂ ತನ್ನ ಬಿಲ್ ಮುಗಿಯಿತು ಎಂದು ಹೇಳುವ ಪದ್ಧತಿಯೇ ಇಲ್ಲ. ಹಾಗಾಗಿ ವಿಂಡೋಸ್ ಒಂದಷ್ಟು ಹೊತ್ತು ಹೊಸ ಅಕ್ಷರ ಬಾರದಿದ್ದರೆ ಮುಗಿಯಿತು ಎಂದು ಲೆಕ್ಕ ಹಾಕುತ್ತದೆ. ಆ ಹೊತ್ತು ಮೂಲದಲ್ಲಿ 15 ಸೆಕೆಂಡು. ರಿಜಿಸ್ಟ್ರಿಯಲ್ಲಿ (ವಿಂಡೋಸಿನ ಒಳಗಿನ ಸೆಟ್ಟಿಂಗುಗಳ ಪಟ್ಟಿ) ಎಚ್‌ಕೆಇವೈ_ಲೋಕಲ್_ಮಷಿನ್, ಸಿಸ್ಟಮ್, ಕರೆಂಟ್‌ಕಂಟ್ರೋಲ್‌ಸೆಟ್, ಕಂಟ್ರೋಲ್, ಡಬ್ಲ್ಯೂಒಡಬ್ಲ್ಯೂ ಎಂದು ಇಳಿದು ಎಲ್‌ಪಿಟಿ_ಟೈಮ್‌ಔಟ್ ಎಂಬುದನ್ನು 3 ಅಥವಾ 4 ಮಾಡಿ, ಕಂಪ್ಯೂಟರ್ ಮತ್ತೆ ಶುರು ಮಾಡಿ. 1ಕ್ಕೆ ಇಳಿಸುವ ಆಸೆ ಬೇಡ: ಉದ್ದದ ಬಿಲ್ಲಿನ ನಡುವೆ ಪ್ರೋಗ್ರಾಂ ಸ್ವಲ್ಪ ಯೋಚಿಸಿದರೂ ಬಿಲ್ ಎರಡು ತುಂಡಾಗಿ, ನಡುವೆ ಬೇರೆ ಕೌಂಟರಿನ ಬಿಲ್ ನುಸುಳಬಹುದು.

ಇನ್ನು ಮೂರನೆಯದು, ನಿಮ್ಮ ಕಾಗದ ಹಾಳಾಗುತ್ತಿರುವುದು.

ವಿಂಡೋಸ್ 98ರಲ್ಲಿ ಆಟೋಎಕ್ಸೆಕ್.ಬ್ಯಾಟ್ ಬೂಟ್ ಆಗುವಾಗ ಸಾಲು ಸಾಲಾಗಿ ಓಡುತ್ತಿತ್ತು. ವಿಂಡೋಸ್ 10ರಲ್ಲಿ ಅದರೊಳಗಿನ ಕಮಾಂಡ್‌ಗಳು ಓಡುವುದೇ ಇಲ್ಲ. ನೀವು ಬರೆದ ‘ಮೋಡ್’ ಸಾಲು ಅಲ್ಲಿ ಸುಮ್ಮನೆ ಮಲಗಿದೆ. ಅದನ್ನು ಎಬ್ಬಿಸುವುದಕ್ಕಿಂತ ಅದು ಮಾಡುತ್ತಿದ್ದ ಕೆಲಸ ಏನೆಂದು ತಿಳಿಯುವುದು ಲೇಸು. ಡಾಸಿನ ‘ಮೋಡ್ ಎಲ್‌ಪಿಟಿ1:132,8’ ಪೋರ್ಟಿಗೆ ಏನನ್ನೂ ಮಾಡುತ್ತಿರಲಿಲ್ಲ. ಪ್ರಿಂಟರಿಗೆ ಮೂರು ಬೈಟ್, ಅಂದರೆ ಮೂರು ಸಂಕೇತ ಸಂಖ್ಯೆ, ಕಳಿಸುತ್ತಿತ್ತು: ಒಂದು 15, ಅದು ಕಂಡೆನ್ಸ್‌ಡ್ ಅಕ್ಷರ, ಆಮೇಲೆ 27 ಮತ್ತು 48, ಅದು ಇಂಚಿಗೆ 8 ಸಾಲು. 6 ಎಂದು ಬರೆದಿದ್ದರೆ 27 ಮತ್ತು 50 ಹೋಗುತ್ತಿತ್ತು. ಇಷ್ಟೇ ಗುಟ್ಟು.

80 ಕಾಲಮ್ಮಿನ ಪ್ರಿಂಟರಿನಲ್ಲಿ ಸಾಮಾನ್ಯ ಅಕ್ಷರ ಇಂಚಿಗೆ 10, ಎಂಟು ಇಂಚಿಗೆ 80. ಕಂಡೆನ್ಸ್‌ಡ್ ಆದರೆ ಇಂಚಿಗೆ ಸುಮಾರು 17.1, ಅಂದರೆ ಸಾಲಿಗೆ 137. ನಿಮ್ಮ ಪ್ರೋಗ್ರಾಂ 132 ಅಕ್ಷರದ ಸಾಲು ಕಳಿಸುತ್ತದೆ. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದಾಗ ಎಚ್‌ಎಸ್‌ಎನ್ (ಸರಕಿನ ಸಂಕೇತ ಸಂಖ್ಯೆ) ಮತ್ತು ತೆರಿಗೆಯ ಕಾಲಮ್ಮುಗಳನ್ನು ಸೇರಿಸಿದ ಹಳೆಯ ಪ್ರೋಗ್ರಾಮುಗಳಲ್ಲಿ ಇದು ಸಾಮಾನ್ಯ. 15 ಎಂಬ ಆ ಒಂದು ಬೈಟ್ ಸಿಗದೆ 81ನೇ ಅಕ್ಷರದಿಂದ ಮುಂದಿನದೆಲ್ಲ ಕೆಳಗಿನ ಸಾಲಿಗೆ ಬೀಳುತ್ತಿದೆ. ನಿಮ್ಮ ಮೊತ್ತ ಇಳಿದದ್ದು ಹೀಗೆ.

ಕಾಗದ ಸರಿಯುವುದಕ್ಕೆ ಲೆಕ್ಕ ನೀವೇ ಕೊಟ್ಟಿದ್ದೀರಿ. ಬಿಲ್ ಮುಗಿದಾಗ ಪ್ರೋಗ್ರಾಂ 12 ಎಂಬ ಬೈಟ್ ಕಳಿಸುತ್ತದೆ, ‘ಮುಂದಿನ ಪುಟದ ತಲೆಗೆ ಹೋಗು’ ಎಂದು. ಮುಂದಿನ ಪುಟ ಎಲ್ಲಿದೆ ಎಂಬುದು ಪ್ರಿಂಟರಿಗೆ ಕಾಗದ ನೋಡಿ ಗೊತ್ತಾಗುವುದಿಲ್ಲ, ತನ್ನ ನೆನಪಿನ ಪುಟದ ಉದ್ದದಿಂದ ಗೊತ್ತಾಗುತ್ತದೆ. ನಿಮ್ಮ ಎರಡು ಫಾರ್ಮ್ ಸೇರಿ 12 ಇಂಚು. ಒಂದು ಇಂಚು ಮೊದಲೇ ನಿಲ್ಲುತ್ತಿದೆ ಎಂದರೆ ಪ್ರಿಂಟರ್ 11 ಇಂಚಿನ ಪುಟ ಎಂದುಕೊಂಡಿದೆ. ಬೇಕಾದದ್ದು 6. ಹಳೆಯ ಹಾಫ್.ಪಿಆರ್‌ಎನ್ ಫೈಲಿನ ಹೆಸರು ನೋಡಿದರೆ ಅದರೊಳಗೆ ಇದ್ದದ್ದು ಈ ಅರ್ಧ ಪುಟದ ಸಂಕೇತವೇ ಇರಬೇಕು. ಹಳೆಯ ಹಾರ್ಡ್ ಡಿಸ್ಕಿನಿಂದ ಅದನ್ನು ತೆಗೆಯಲಾದರೆ ಸರಿ, ಇಲ್ಲದಿದ್ದರೂ ಹೊಸತು ಮಾಡುವುದು ಒಂದು ನಿಮಿಷದ ಕೆಲಸ. ಪವರ್‌ಶೆಲ್‌ನಲ್ಲಿ:

[ಐಒ.ಫೈಲ್]::ರೈಟ್‌ಆಲ್‌ಬೈಟ್ಸ್('ಸಿ:\ಬಿಲ್\ಸೆಟ್.ಪಿಆರ್‌ಎನ್', (27,64,15,27,48,27,67,0,6))

ಸಿ ಡ್ರೈವಿನಲ್ಲಿ ‘ಬಿಲ್’ ಫೋಲ್ಡರ್ ಮೊದಲೇ ಇರಬೇಕು. ‘ಡಿರ್’ ಹೊಡೆದು ನೋಡಿದರೆ ಫೈಲ್ ಸರಿಯಾಗಿ 9 ಬೈಟ್ ಇರಬೇಕು. 27,64 ಹಳೆಯದೆಲ್ಲವನ್ನೂ ಮರೆಸುತ್ತದೆ. 15 ಸಣ್ಣ ಅಕ್ಷರ. 27,48 ಇಂಚಿಗೆ 8 ಸಾಲು. 27,67,0,6 ಪುಟದ ಉದ್ದ 6 ಇಂಚು. ಕೆಲವರು 27,67ರ ನಂತರ ಇಂಚಿನ ಬದಲು ಸಾಲಿನ ಲೆಕ್ಕ ಕೊಡುತ್ತಾರೆ. ಅದೂ ಸರಿ, ಆದರೆ ಆ ಲೆಕ್ಕ ಆಗ ಇರುವ ಸಾಲಿನ ಅಂತರದ ಮೇಲೆ ನಿಂತಿದೆ: ಇಂಚಿಗೆ 6 ಸಾಲಾದರೆ 36, 8 ಆದರೆ 48. ಅಂತರ ಬದಲಾಯಿಸುವ ಮೊದಲೇ ಉದ್ದ ಹೇಳಿದರೆ 48 ಸಾಲು ಎಂದರೆ 8 ಇಂಚು ಆಗಿಬಿಡುತ್ತದೆ. ಇಂಚಿನಲ್ಲಿ ಹೇಳಿದರೆ ಈ ತಲೆನೋವು ಇಲ್ಲ. ಈ ಸಂಕೇತಗಳು ಎಪ್ಸನ್ ಪದ್ಧತಿಯವು. ನಮ್ಮಲ್ಲಿ ಓಡುವ 9 ಪಿನ್ ಪ್ರಿಂಟರುಗಳಲ್ಲಿ ಬಹುತೇಕ ಎಲ್ಲಕ್ಕೂ ಈ ಭಾಷೆ ಬರುತ್ತದೆ. ಸೆಟ್ಟಿಂಗಿನಲ್ಲಿ ‘ಐಬಿಎಂ’ ಎಂದಿದ್ದರೆ ‘ಎಪ್ಸನ್’ಗೆ ಬದಲಿಸಿ.

ಕಳಿಸುವುದು ಹೀಗೆ:

ಕಾಪಿ /ಬಿ ಸಿ:\ಬಿಲ್\ಸೆಟ್.ಪಿಆರ್‌ಎನ್ ಎಲ್‌ಪಿಟಿ1

‘/ಬಿ’ ಬಿಡಬೇಡಿ. ಅದಿಲ್ಲದೆ ‘ಕಾಪಿ’ ಫೈಲನ್ನು ಬರಹ ಎಂದು ಓದುತ್ತದೆ, 26 ಎಂಬ ಬೈಟ್ ಎಲ್ಲಿ ಸಿಕ್ಕಿದರೂ ಅಲ್ಲಿಗೇ ಮುಗಿಯಿತು ಎಂದು ನಿಲ್ಲಿಸುತ್ತದೆ. ಈ 9 ಬೈಟ್‌ಗಳಲ್ಲಿ 26 ಇಲ್ಲ, ಆದರೆ ಮುಂದೆ ನೀವು ಏನಾದರೂ ಸೇರಿಸುವಾಗ ಸಿಕ್ಕಿಬೀಳುತ್ತೀರಿ.

ಇಲ್ಲಿ ಹೆಚ್ಚಿನವರು ಎಡವುವ ಜಾಗ ಒಂದುಂಟು. ಪುಟದ ಉದ್ದದ ಸಂಕೇತ ಬಂದ ಕ್ಷಣ ಹೆಡ್ ಎಲ್ಲಿದೆಯೋ ಅದನ್ನೇ ಪ್ರಿಂಟರ್ ಪುಟದ ತಲೆ ಎಂದುಕೊಳ್ಳುತ್ತದೆ. ಕಾಗದ ಅರ್ಧ ಮೇಲೆ ಬಂದಿರುವಾಗ ಕಳಿಸಿದರೆ ದಿನವಿಡೀ ಎಲ್ಲ ಬಿಲ್ಲೂ ಅಷ್ಟೇ ತಪ್ಪಿ ಬರುತ್ತವೆ. ಮೊದಲು ಕಾಗದವನ್ನು ಬಿಲ್ಲಿನ ಮೊದಲ ಸಾಲು ಬೀಳಬೇಕಾದಲ್ಲಿಗೆ ತನ್ನಿ, ಆಮೇಲೆ ಕಳಿಸಿ. ಪ್ರಿಂಟರ್ ಆನ್ ಇರುವಾಗ ಪಕ್ಕದ ಗುಂಡಿ ತಿರುಗಿಸಿ ಕಾಗದ ಸರಿಸುವ ಅಭ್ಯಾಸ ಬಿಡಿ, ಸರಿಸಿದ್ದು ಅದಕ್ಕೆ ಗೊತ್ತಾಗುವುದಿಲ್ಲ. ಲೈನ್ ಫೀಡ್ ಬಟನ್ ಒತ್ತಿ. ಮಧ್ಯಾಹ್ನ ಕರೆಂಟ್ ಹೋಗಿ ಬಂದರೆ ಪ್ರಿಂಟರ್ ಈ 9 ಬೈಟನ್ನು ಮರೆತಿರುತ್ತದೆ, ಮತ್ತೆ ಕಳಿಸಬೇಕು. ಹಲವು ಮಾದರಿಗಳ ಸೆಟ್ಟಿಂಗ್ ಮೆನುವಿನಲ್ಲಿ 6 ಇಂಚಿನ ಪುಟವನ್ನು ಕಾಯಂ ಮಾಡುವ ಆಯ್ಕೆಯೂ ಇದೆ. ಇದ್ದರೆ ಅಲ್ಲೇ ಮಾಡಿಬಿಡಿ. ಅದೇ ಮೆನುವಿನಲ್ಲಿ ‘ಸ್ಕಿಪ್ ಪರ್ಫೊರೇಷನ್’ (ಹರಿಯುವ ಗೆರೆಯ ಬಳಿ ಜಾಗ ಬಿಡುವುದು) ಆಫ್ ಇರಲಿ. ಎರಡೆರಡು ಸಾಲು ಬಿಟ್ಟು ಮುದ್ರಣವಾದರೆ ‘ಆಟೋ ಲೈನ್ ಫೀಡ್’ ಆಫ್ ಮಾಡಿ. ಬಿಲ್ಲಿನ ಅಡ್ಡ ಗೆರೆಗಳ ಜಾಗದಲ್ಲಿ ಓರೆ ಅಕ್ಷರ ಬಂದರೆ ಅಕ್ಷರ ಪಟ್ಟಿ ಇಟ್ಯಾಲಿಕ್‌ನಲ್ಲಿದೆ, ಪಿಸಿ437ಕ್ಕೆ ಬದಲಿಸಿ.

ಎಲ್ಲವನ್ನೂ ಒಂದು ಬ್ಯಾಚ್ ಫೈಲಿಗೆ ಹಾಕಿ, ಐಕಾನನ್ನು ಅದಕ್ಕೇ ಕಟ್ಟಿ: ಮೊದಲು ‘ನೆಟ್ ಯೂಸ್’ನ ಎರಡು ಸಾಲು, ಆಮೇಲೆ ‘ಪಾಸ್’ ಎಂಬ ಸಾಲು, ಆಮೇಲೆ ‘ಕಾಪಿ /ಬಿ’, ಕೊನೆಗೆ ಪ್ರೋಗ್ರಾಂ. ‘ಪಾಸ್’ ಅಂದರೆ ಪಿ-ಎ-ಯು-ಎಸ್-ಇ, ಒಂದು ಕೀ ಒತ್ತುವವರೆಗೆ ನಿಲ್ಲುತ್ತದೆ. ಕೌಂಟರಿನಲ್ಲಿ ಕೂತವರಿಗೆ ಕಾಗದ ಸರಿಪಡಿಸಲು ಅಷ್ಟು ಹೊತ್ತು ಸಾಕು. ಹೆಸರನ್ನು ದಿನಾ ಹೊಸದಾಗಿ ಕಟ್ಟುವುದರಿಂದ ‘/ಪರ್ಸಿಸ್ಟೆಂಟ್:ನೋ’ ಎಂದರೂ ಆಗುತ್ತದೆ.

ಇಷ್ಟಾದರೂ ಅಕ್ಷರ ಚಿಂದಿಯಾಗಿ ಬಂದರೆ ಪ್ರಿಂಟರನ್ನು ಹೆಕ್ಸ್ ಡಂಪ್‌ನಲ್ಲಿಡಿ. ಎಪ್ಸನ್ ಎಲ್‌ಎಕ್ಸ್ ಮಾದರಿಗಳಲ್ಲಿ ಲೈನ್ ಫೀಡ್ ಮತ್ತು ಲೋಡ್ ಬಟನ್ ಎರಡನ್ನೂ ಒತ್ತಿಕೊಂಡು ಆನ್ ಮಾಡುವುದು. ಬೇರೆಯವಕ್ಕೆ ಕೈಪಿಡಿ ನೋಡಿ. ಆಗ ಪ್ರಿಂಟರ್ ತನಗೆ ಬಂದ ಪ್ರತಿ ಬೈಟನ್ನೂ ಹದಿನಾರರ ಲೆಕ್ಕದ ಸಂಖ್ಯೆಯಾಗಿ ಒತ್ತುತ್ತದೆ, ಅದರಲ್ಲಿ 27 ಎಂದರೆ 1ಬಿ. ಮೇಲಿನ ಫೈಲ್ ಕಳಿಸಿದರೆ 1ಬಿ 40 0ಎಫ್ 1ಬಿ 30 1ಬಿ 43 00 06 ಎಂದು ಕಾಣಬೇಕು. ಕಂಡರೆ ಕಂಪ್ಯೂಟರ್ ಕಡೆ ಎಲ್ಲ ಸರಿ. ನಡುವೆ ಬೈಟ್ ಕಾಣೆಯಾಗಿದ್ದರೆ ಕೇಬಲ್ ಬದಲಿಸಿ, ಅಗ್ಗದ ಯುಎಸ್‌ಬಿ ಕೇಬಲ್ಲುಗಳಲ್ಲಿ ಇದು ಆಗುತ್ತದೆ.

ಯುಎಸ್‌ಬಿ ಕೇಬಲ್ ಬೇಡ ಎನಿಸಿದರೆ ಎರಡು ದಾರಿ. ಕಂಪ್ಯೂಟರ್ ತೆರೆದು ಮದರ್‌ಬೋರ್ಡಿನಲ್ಲಿ ‘ಎಲ್‌ಪಿಟಿ’ ಎಂದು ಬರೆದ ಎರಡು ಸಾಲಿನ ಪಿನ್ ಗುಚ್ಛ ಇದೆಯೇ ನೋಡಿ. ಹಿಂದೆ ಪೋರ್ಟ್ ಇಲ್ಲದ ಹಲವು ಬೋರ್ಡುಗಳಲ್ಲೂ ಅದು ಇರುತ್ತದೆ. ರಿಬ್ಬನ್ ತಂತಿ ಇರುವ ಬ್ರ್ಯಾಕೆಟ್ ಹಾಕಿದರೆ ನಿಜವಾದ ಎಲ್‌ಪಿಟಿ1 ಸಿಗುತ್ತದೆ. ಬಯಾಸ್‌ನಲ್ಲಿ ಪೋರ್ಟ್ ಆನ್ ಮಾಡಿ, ವಿಳಾಸ 378, ಮೋಡ್ ‘ನಾರ್ಮಲ್’ ಅಥವಾ ಎಸ್‌ಪಿಪಿ ಇಡಿ. 9 ಪಿನ್ ಪ್ರಿಂಟರಿಗೆ ಇಸಿಪಿ ಎಂಬ ಇನ್ನೊಂದು ಮೋಡಿನ ವೇಗದಿಂದ ಲಾಭವೇನೂ ಇಲ್ಲ. ನಾನಾದರೆ ಮೊದಲು ಇದನ್ನೇ ನೋಡುತ್ತೇನೆ. ಇಲ್ಲದಿದ್ದರೆ ಪಿಸಿಐ ಎಕ್ಸ್‌ಪ್ರೆಸ್ ಪ್ಯಾರಲಲ್ ಕಾರ್ಡ್. ವಿಂಡೋಸ್ ಅದನ್ನು ಎಲ್‌ಪಿಟಿ3 ಎಂದು ಕರೆಯುವುದುಂಟು. ಡಿವೈಸ್ ಮ್ಯಾನೇಜರಿನಲ್ಲಿ ಪೋರ್ಟ್ ಸೆಟ್ಟಿಂಗ್ಸ್‌ಗೆ ಹೋಗಿ 1 ಮಾಡಿ. ಕ್ಯಾಬಿನೆಟ್ ತೆಳ್ಳಗಿನದಾದರೆ ಗಿಡ್ಡ ಬ್ರ್ಯಾಕೆಟ್ಟಿನ ಕಾರ್ಡನ್ನೇ ಕೇಳಿ ತನ್ನಿ. ಈ ಎರಡರಲ್ಲಿ ಯಾವುದು ಹಾಕಿದರೂ ಮೊದಲು ‘ನೆಟ್ ಯೂಸ್ ಎಲ್‌ಪಿಟಿ1: /ಡಿಲೀಟ್’ ಮಾಡಿ, ಬ್ಯಾಚ್ ಫೈಲಿನಿಂದಲೂ ಆ ಸಾಲುಗಳನ್ನು ತೆಗೆಯಿರಿ. ಕಟ್ಟಿದ ಹೆಸರು ಉಳಿದಿದ್ದರೆ ಅದು ನಿಜವಾದ ಪೋರ್ಟನ್ನು ಮುಚ್ಚಿಬಿಡುತ್ತದೆ.

ಆದರೆ 64 ಬಿಟ್ ವಿಂಡೋಸಿಗೆ ಹೋಗಬೇಡಿ, ಈಗಲೇ ಅಂತೂ ಬೇಡ. ಅದರಲ್ಲಿ 16 ಬಿಟ್ ಡಾಸ್ ಪ್ರೋಗ್ರಾಂ ಓಡುವುದೇ ಇಲ್ಲ, ಪ್ರಿಂಟರ್ ಎಷ್ಟು ಹೊಸತಾದರೂ. ವಿಂಡೋಸ್ 11ರಲ್ಲಿ 32 ಬಿಟ್ ಆವೃತ್ತಿ ಇಲ್ಲ. ಇನ್ನೊಂದು ಕಡೆ, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಾಗಾಗಿ ಬಿಲ್ಲಿನ ಈ ಕಂಪ್ಯೂಟರಿನಲ್ಲಿ ಇಮೇಲ್, ಬ್ಯಾಂಕ್, ಜಿಎಸ್‌ಟಿ ಪೋರ್ಟಲ್ ತೆರೆಯಬೇಡಿ, ಇಂಟರ್‌ನೆಟ್ ತೆಗೆದೇ ಇಡಿ; 127.0.0.1ಕ್ಕೆ ಇಂಟರ್‌ನೆಟ್ ಬೇಕಿಲ್ಲ. ಹೊಸ ಯಂತ್ರ ಅನಿವಾರ್ಯವಾದ ದಿನ ವಿಡಾಸ್ ಅಥವಾ ಡಾಸ್‌ಬಾಕ್ಸ್-ಎಕ್ಸ್‌ನಂಥ ಅನುಕರಣ ತಂತ್ರಾಂಶದಲ್ಲಿ ಇದೇ ಫಾಕ್ಸ್‌ಪ್ರೊವನ್ನು ಓಡಿಸಬಹುದು. ಸಾದಾ ಡಾಸ್‌ಬಾಕ್ಸ್ ತಂದು ಮೋಸಹೋಗಬೇಡಿ, ಅದರಲ್ಲಿ ಪ್ಯಾರಲಲ್ ಪೋರ್ಟ್ ಇಲ್ಲ.

ಪ್ಯಾರಲಲ್ ಕೇಬಲ್ಲಿಗೆ ಮರಳಿದರೆ ಬಂದರಿನ ಗಾಳಿಯನ್ನು ಮರೆಯಬೇಡಿ. ಉಪ್ಪಿನ ತೇವಕ್ಕೆ 36 ಪಿನ್ನಿನ ಕನೆಕ್ಟರ್ ಹಸಿರು ಹಿಡಿಯುತ್ತದೆ, ಒಂದು ಡೇಟಾ ಪಿನ್ ಸಡಿಲವಾದರೂ ಅಕ್ಷರಗಳು ಬೇರೆಯಾಗಿ ಬೀಳುತ್ತವೆ. ಮಳೆಗಾಲಕ್ಕೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಒರೆಸಿ. ಕೇಬಲ್ ಮೂರು ಮೀಟರಿಗಿಂತ ಉದ್ದ ಬೇಡ. ಯುಎಸ್‌ಬಿಯ ಹಾಗೆ ಇದನ್ನು ಓಡುವಾಗ ಹಾಕಿ ತೆಗೆಯುವಂತಿಲ್ಲ. ಎರಡೂ ಕಡೆ ಆಫ್ ಮಾಡಿಯೇ ಮುಟ್ಟಿ, ಇಲ್ಲದಿದ್ದರೆ ಪೋರ್ಟಿನ ಚಿಪ್ ಹೋಗುತ್ತದೆ. ಕಂಪ್ಯೂಟರನ್ನೂ ಪ್ರಿಂಟರನ್ನೂ ಅರ್ಥಿಂಗ್ ಇರುವ ಒಂದೇ ಮೂರು ಪಿನ್ನಿನ ಬೋರ್ಡಿನಿಂದ ಓಡಿಸಿ. ಬೇರೆ ಬೇರೆ ಸಾಕೆಟ್ಟಿನಲ್ಲಿದ್ದು ಅರ್ಥಿಂಗ್ ವ್ಯತ್ಯಾಸವಿದ್ದರೆ ಆ ಕರೆಂಟ್ ಕೇಬಲ್ಲಿನ ಗ್ರೌಂಡ್ ತಂತಿಯಲ್ಲೇ ಹರಿಯುತ್ತದೆ. ಮಳೆಗಾಲದ ಹಿಂದೆ ಮುಂದೆ ಸಂಜೆ ಗುಡುಗು ಶುರುವಾಯಿತೆಂದರೆ ಬರೀ ಸ್ವಿಚ್ ಆಫ್ ಮಾಡಿದರೆ ಸಾಲದು, ಬೋರ್ಡಿನ ಪ್ಲಗ್ಗನ್ನೇ ಗೋಡೆಯಿಂದ ಕಿತ್ತಿಡಿ.